ಒರೆಗಲ್ಲೂ ಅವರದೇ, ತಕ್ಕಡಿಯೂ ಅವರದೇ

"ಅಜ್ಜಿ, ಎಂಟು ಬಂತು" ಎಂದು ಮೊಮ್ಮಗ ಅಳುಮುಖ ಮಾಡಿಕೊಂಡು ಬಂದು ನಿಂತಾಗ ನಾನು ಯಾವುದೋ ಪರೀಕ್ಷೆಯ ಮಾತೆಂದೇ ತಿಳಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಇಂಥ ಅಳುಮುಖಗಳನ್ನು ನೋಡಿ ಪಳಗಿದವಳು ನಾನು. "ಹತ್ತಕ್ಕೆ ಎಂಟಾ? ಒಳ್ಳೇದೇ ಆಯ್ತಲ್ಲೋ, ಅದಕ್ಯಾಕೆ ಅಳ್ತೀಯ?" ಎಂದೆ. "ನಂಗಲ್ಲ ಅಜ್ಜಿ, ನನ್ನ ಕಾರ್ಡಿಗೆ" ಎಂದ.

2025ರ ಬೇಸಿಗೆ ರಜೆಯಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದಾಗಿನ ಸಂಗತಿ ಇದು. ಕಾರ್ಡೆಂದರೆ ಇಸ್ಪೀಟಿನ ಎಲೆಯಷ್ಟು ಅಗಲದ ರಟ್ಟಿನ ತುಂಡು. ಅದರ ಮೇಲೆ ಪೋಕೆಮಾನ್ ಎಂಬ ಜಪಾನಿನ ಕಲ್ಪನೆಯ ಪ್ರಾಣಿಗಳ ಚಿತ್ರ. ಜಪಾನಿನಲ್ಲಿ 1996ರಲ್ಲಿ ಶುರುವಾದ ಈ ಕಾರ್ಡುಗಳು 1999ರಲ್ಲಿ ಇಂಗ್ಲಿಷಿನ ವೇಷ ತೊಟ್ಟು ಅಮೆರಿಕದ ಅಂಗಡಿಗಳಿಗೆ ಬಂದವು. ನಮ್ಮಲ್ಲೂ ತೊಂಬತ್ತರ ದಶಕದಲ್ಲಿ ಬಬಲ್‌ಗಮ್ ಜೊತೆಗೆ ಕ್ರಿಕೆಟ್ ಆಟಗಾರರ ಚಿತ್ರಗಳು ಬರುತ್ತಿದ್ದವಲ್ಲ, ಹುಡುಗರು ಅವನ್ನು ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ನಮ್ಮ ಕೈಗೆ ಸಿಕ್ಕಿಬೀಳುತ್ತಿದ್ದರಲ್ಲ, ಅದೇ ಜಾತಿಯದು. ನಾವು ಅವನ್ನು ಕಿತ್ತುಕೊಂಡು ಮೇಜಿನ ಖಾನೆಗೆ ಹಾಕುತ್ತಿದ್ದೆವು. ಅಲ್ಲಿ ಅವನ್ನು ಗಾಜಿನಂಥ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ, ಅಂಕ ಕೊಟ್ಟು, ಸಾವಿರ ಲಕ್ಷಗಳಲ್ಲಿ ಮಾರುತ್ತಾರೆ.

ಪಕ್ಕದ ಬೀದಿಯವರು ಹಳೆಯ ಸಾಮಾನೆಲ್ಲ ಮನೆಯ ಮುಂದೆ ಹರವಿಟ್ಟು ಮಾರಿದಾಗ ಈ ಹುಡುಗನಿಗೆ ಐದು ಡಾಲರಿಗೆ ಒಂದು ಹಳೆಯ ಆಲ್ಬಮ್ ಸಿಕ್ಕಿತ್ತು. ಅದರೊಳಗೆ 1999ರ ಒಂದು ಕಾರ್ಡು. ಹುಟ್ಟುಹಬ್ಬಕ್ಕೆ ಬಂದಿದ್ದ ದುಡ್ಡನ್ನೆಲ್ಲ ಕೂಡಿಸಿ, ಅಪ್ಪನ ಕೈಯಲ್ಲಿ ಅದನ್ನು ದರ್ಜೆ ಕೊಡುವ ಒಂದು ಕಂಪನಿಗೆ ಕಳಿಸಿದ್ದ. ಕಂಪನಿಯ ಹೆಸರು ಇಲ್ಲಿ ಬೇಡ. ಎರಡು ತಿಂಗಳು ದಿನವೂ ಅಂಚೆಪೆಟ್ಟಿಗೆ ನೋಡಿ ಬರುತ್ತಿದ್ದನಂತೆ. ಕೊನೆಗೂ ಬಂತು, ಎಂಟು ಎಂಬ ಅಂಕ ಹೊತ್ತುಕೊಂಡು.

ಈ ದರ್ಜೆ ಕೊಡುವ ಕೆಲಸ ಹೇಗೆ ನಡೆಯುತ್ತದೆಂದು ಅಳಿಯನೇ ನನಗೆ ವಿವರಿಸಿದ್ದು. ಕಾರ್ಡು ಅಸಲಿಯೋ ನಕಲಿಯೋ, ಯಾರಾದರೂ ಅಂಚು ಕತ್ತರಿಸಿದ್ದಾರೆಯೋ, ಬಣ್ಣ ತೀಡಿದ್ದಾರೆಯೋ ಎಂದು ಮೊದಲು ನೋಡುತ್ತಾರೆ. ಆಮೇಲೆ ನಾಲ್ಕು ಮೂಲೆ, ನಾಲ್ಕು ಅಂಚು, ಮೇಲ್ಮೈ ಮತ್ತು ಚಿತ್ರ ನಟ್ಟನಡುವೆ ಕೂತಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅಂಕದ ಚೀಟಿ, ಒಂದು ಕ್ರಮಸಂಖ್ಯೆ, ಗಟ್ಟಿಯಾದ ಪೆಟ್ಟಿಗೆ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ಶುರುವಾದ ಪಿ.ಎಸ್.ಎ. ಇವರಲ್ಲಿ ದೊಡ್ಡದು. ಬೆಕೆಟ್, ಎಸ್.ಜಿ.ಸಿ., ಸಿ.ಜಿ.ಸಿ. ಎಂಬ ಹೆಸರುಗಳೂ ಇವೆ. ಒಂಬತ್ತು ಬಂದ ಕಾರ್ಡಿಗೂ ಹತ್ತು ಬಂದ ಅದೇ ಕಾರ್ಡಿಗೂ ಬೆಲೆಯಲ್ಲಿ ಎಷ್ಟೋ ಪಟ್ಟು ವ್ಯತ್ಯಾಸ. ಚಾರಿಜಾರ್ಡ್ ಎಂಬ ಬೆಂಕಿಯುಗುಳುವ ಪ್ರಾಣಿಯ 1999ರ ಮೊದಲ ಮುದ್ರಣದ ಒಂದು ಕಾರ್ಡು, ಹತ್ತು ಅಂಕ ಬಂದದ್ದು, 2022ರಲ್ಲಿ 4,20,000 ಡಾಲರಿಗೆ ಹರಾಜಾಯಿತು. ಕೇಳಿ ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ನನ್ನ ಇಡೀ ಸರ್ವಿಸಿನ ಸಂಬಳ ಕೂಡಿಸಿದರೂ ಆ ರಟ್ಟಿನ ತುಂಡನ್ನು ಮುಟ್ಟಲಾರದು.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಬೆಲೆಯಲ್ಲ, ಹುಡುಗ ಹೇಳಿದ ಒಂದು ಮಾತು. "ಅಜ್ಜಿ, ಯಾಕೆ ಎಂಟು ಅಂತ ಎಲ್ಲೂ ಬರೆದೇ ಇಲ್ಲ. ಆದ್ರೆ, ನಮ್ಮ ಕೈಯಲ್ಲೇ ಮಾರ್ತೀಯಾ, ನಮ್ಮ ಹತ್ರವೇ ಇಡ್ತೀಯಾ ಅಂತ ಕೇಳಿದಾರೆ."

"ಅದು ಅವರ ಎಕ್ಸ್‌ಟ್ರಾ ಸರ್ವೀಸಮ್ಮ" ಎಂದಳು ಮಗಳು ಅಡಿಗೆಮನೆಯಿಂದಲೇ.

ಮಗು ಕೇಳಿದ್ದು ಒಂದು, ಅವರು ಕೊಡಲು ಬಂದದ್ದು ಇನ್ನೊಂದು. ಕಾರಣ ಕೇಳಿದವನಿಗೆ ಗಿರಾಕಿಯನ್ನು ತೋರಿಸಿದರು. ಅಂಕ ಕೊಡುವವರು ಅಂಕದ ಆಚೆಗೆ ಇನ್ನೂ ಏನೇನು ಸೇವೆ ಕೊಡಬಹುದು, ಏನನ್ನು ಕೊಡಬಾರದು? ಅಮೆರಿಕದ ರಟ್ಟಿನ ಚೂರುಗಳ ವ್ಯಾಪಾರ ನಮಗೇಕೆ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಈ ಹೆಚ್ಚುವರಿ ಸೇವೆಗಳು ಈಗ ಬಹಳ ಬೆಳೆದಿವೆ. ಬೇಗ ಬೇಕೆಂದರೆ ಹೆಚ್ಚು ದುಡ್ಡು, ನಮ್ಮ ರೈಲಿನ ತತ್ಕಾಲ್ ಟಿಕೆಟ್ಟಿನ ಹಾಗೆ. ಪಿ.ಎಸ್.ಎ.ಯವರು ಮಾರಾಟ ತೆರಿಗೆಯೇ ಇಲ್ಲದ ಡೆಲವೇರ್ ರಾಜ್ಯದಲ್ಲಿ ಒಂದು ಭದ್ರ ಕಣಜ ಕಟ್ಟಿದ್ದಾರೆ. ದರ್ಜೆ ಸಿಕ್ಕ ಕಾರ್ಡು ನಿಮ್ಮ ಮನೆಗೆ ಬರಲೇಬೇಕೆಂದಿಲ್ಲ, ನೇರವಾಗಿ ಅಲ್ಲಿಗೇ ಹೋಗಿ ಕೂರಬಹುದು, ಅಲ್ಲಿಂದಲೇ ಇ-ಬೇ ಎಂಬ ಸಂತೆಯಲ್ಲಿ ಮಾರಾಟವೂ ಆಗಬಹುದು. ಅದರ ಮೂಲಸಂಸ್ಥೆ ಕಲೆಕ್ಟರ್ಸ್ 2021ರಲ್ಲಿ ಗೋಲ್ಡಿನ್ ಎಂಬ ಹರಾಜಿನ ಮನೆಯನ್ನೇ ಕೊಂಡುಕೊಂಡಿತ್ತು. 2024ರಲ್ಲಿ ಅದನ್ನು ಇ-ಬೇಗೆ ಬಿಟ್ಟುಕೊಟ್ಟು, ಇ-ಬೇಯ ಕಾರ್ಡಿನ ಕಣಜವನ್ನು ತಾನು ತೆಗೆದುಕೊಂಡಿತು. ಅದೇ ವರ್ಷ, ಪ್ರತಿಸ್ಪರ್ಧಿಯಾಗಿದ್ದ ಎಸ್.ಜಿ.ಸಿ.ಯೂ ಇದೇ ಸಂಸ್ಥೆಯ ಮಡಿಲಿಗೆ ಬಂತು. ಅಂದರೆ ಅಂಕ ಕೊಡುವುದು, ಕಾಪಾಡುವುದು, ಮಾರಿಕೊಡುವುದು ಎಲ್ಲ ಒಂದೇ ಸೂರಿನ ಕೆಳಗೆ.

"ಅದರಲ್ಲಿ ತಪ್ಪೇನಿದೆ ಅತ್ತೆ?" ಎಂದರು ಅಳಿಯ. ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ದೂರದ ಸಣ್ಣ ಊರಿನಲ್ಲಿರುವ ಒಬ್ಬ ವಿಧವೆಗೆ ಗಂಡ ಕೂಡಿಟ್ಟ ಕಾರ್ಡುಗಳ ಪೆಟ್ಟಿಗೆ ಸಿಕ್ಕಿತೆನ್ನಿ. ಅವಳಿಗೆ ಯಾರ ಪರಿಚಯವಿದೆ? ಊರಿನ ಅಂಗಡಿಯವನು ನೂರು ಡಾಲರಿನದನ್ನು ಹತ್ತಕ್ಕೆ ಹೊಡೆದುಕೊಳ್ಳುತ್ತಾನೆ. ಅಂಚೆಯಲ್ಲಿ ಕಳಿಸಿದರೆ ಕಳೆದುಹೋಗುವ ಭಯ, ಮನೆಯಲ್ಲಿಟ್ಟರೆ ಕಳ್ಳರ ಭಯ, ತೇವದ ಭಯ. ಎಲ್ಲವನ್ನೂ ಒಂದೇ ಕಡೆ ಮಾಡಿಕೊಟ್ಟರೆ ಆಕೆಗೆ ಉಪಕಾರವೇ ಅಲ್ಲವೇ? "ಡಾಕ್ಟರು, ಲ್ಯಾಬು, ಮೆಡಿಕಲ್ ಸ್ಟೋರು ಒಂದೇ ಕಟ್ಟಡದಲ್ಲಿದ್ದರೆ ನೀವೇ ಅನುಕೂಲ ಅಂತೀರಲ್ಲ" ಎಂದರು. ಅಂತೇನೆ, ನಿಜ. ಆದರೆ ಅಲ್ಲಿ ಬರೆದುಕೊಡುವ ಪರೀಕ್ಷೆಗಳ ಪಟ್ಟಿ ಉದ್ದವಾದಾಗಲೆಲ್ಲ ಒಳಗೊಳಗೇ ಒಂದು ಅನುಮಾನವೂ ಬರುತ್ತದೆ, ಅದೂ ನಿಜ.

ಆಮೇಲೆ ಅವರು ಮಾತಿನ ನಡುವೆ ಇನ್ನೊಂದು ವಿಷಯ ಹೇಳಿದರು. ಪಿ.ಎಸ್.ಎ.ಯಲ್ಲಿ ಶುಲ್ಕ ಎಲ್ಲ ಕಾರ್ಡಿಗೂ ಒಂದೇ ಅಲ್ಲ. ಆಗ, 2025ರಲ್ಲಿ, ಸಾಮಾನ್ಯ ಕಾರ್ಡಿಗೆ ಇಪ್ಪತ್ತು ಮೂವತ್ತು ಡಾಲರಿದ್ದರೆ ಬೆಲೆಬಾಳುವುದಕ್ಕೆ ನೂರಾರು ಇತ್ತು. ಕಳಿಸುವಾಗ ನೀವು ಇಷ್ಟು ಬೆಲೆಯದೆಂದು ಹೇಳಿ ಅದರ ಪ್ರಕಾರ ಕಟ್ಟಿದ್ದರೂ, ಒಳ್ಳೆಯ ಅಂಕ ಬಂದು ಕಾರ್ಡಿನ ಬೆಲೆ ಆ ಮಿತಿ ದಾಟಿದರೆ ಮೇಲಿನ ದರ್ಜೆಯ ಶುಲ್ಕ ಕಟ್ಟಬೇಕು. ನಾನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಹಾಗಾದರೆ ಅಂಕ ಹೆಚ್ಚಾದರೆ ಅಂಕ ಕೊಟ್ಟವರಿಗೂ ಆದಾಯ ಹೆಚ್ಚು! ಎಂಥ ಪ್ರಾಮಾಣಿಕ ಮನುಷ್ಯನನ್ನಾದರೂ ಇಂಥ ಕುರ್ಚಿಯ ಮೇಲೆ ಕೂರಿಸುವುದು ಅವನಿಗೇ ಮಾಡುವ ಅನ್ಯಾಯವೆಂದು ನನಗನ್ನಿಸಿತು. ನಾನು ಅಂಥ ಕುರ್ಚಿಯ ಮೇಲೆ ಕೂತವಳು. ಅದಕ್ಕೇ ಈ ವಿಷಯವನ್ನು ಬರೆಯುತ್ತಿರುವುದು.

1997ರ ಮಾತು. ಮನೆ ಕಟ್ಟಲು ಸಾಲ ಮಾಡಿದ್ದೆವು. ಯಜಮಾನರ ಸಂಬಳ ಸಾಲಕ್ಕೆ, ನನ್ನದು ಮನೆಖರ್ಚಿಗೆ. ಸಾಲದೆ ಬಂದಾಗ ನಾನು ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಇಂಗ್ಲಿಷ್ ಟ್ಯೂಷನ್ ಶುರುಮಾಡಿದೆ. ತಲೆಗೆ ತಿಂಗಳಿಗೆ ಅರವತ್ತು ರೂಪಾಯಿ. ಹನ್ನೊಂದು ಮಕ್ಕಳು, ಬಹುಪಾಲು ನನ್ನ ತರಗತಿಯವರೇ. ಆಗ ಅದೇನೂ ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ತಾಯಂದಿರೇ ಬಂದು "ನೀವೇ ಹೇಳ್ಕೊಟ್ರೆ ಚೆನ್ನಾಗಿರುತ್ತೆ ಮಿಸ್" ಎನ್ನುತ್ತಿದ್ದರು. ಇದೂ ಒಂದು ಹೆಚ್ಚುವರಿ ಸೇವೆಯೇ ನೋಡಿ.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮೊದಲು ಬಂದವರಿಗೆ ಒಂದು ದತ್ತಿ ಬಹುಮಾನವಿತ್ತು, ಐನೂರು ರೂಪಾಯಿ. ಇಬ್ಬರು ಹುಡುಗಿಯರ ನಡುವೆ ಪೈಪೋಟಿ. ಒಬ್ಬಳು ನನ್ನ ಜಗಲಿಗೆ ಬರುವವಳು. ಇನ್ನೊಬ್ಬಳ ತಾಯಿ ಬಸ್‌ಸ್ಟ್ಯಾಂಡಿನ ಎದುರು ಹೂ ಕಟ್ಟಿ ಮಾರುತ್ತಿದ್ದಳು. ಆ ಹುಡುಗಿ ಶಾಲೆಯಿಂದ ನೇರ ಅಲ್ಲಿಗೆ ಹೋಗಿ ಕತ್ತಲಾಗುವವರೆಗೆ ಕೂರಬೇಕಿತ್ತು, ಟ್ಯೂಷನ್ನಿಗೆ ದುಡ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಒಂದೂವರೆ ಅಂಕದ ಅಂತರದಲ್ಲಿ ಬಹುಮಾನ ಜಗಲಿಯ ಹುಡುಗಿಗೆ ಹೋಯಿತು.

ಎರಡು ದಿನದ ಮೇಲೆ ಆ ತಾಯಿ ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಶಾಲೆಗೆ ಬಂದಳು. ಜಗಳಕ್ಕೆ ಬಂದಳೆಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವಳು ಜಗಳವಾಡಲಿಲ್ಲ. ಹೂ ಕೈಗಿಟ್ಟು, "ನಂದೇ ತಪ್ಪು ಮೇಡಮ್ಮೋರೆ, ಹೆಂಗಾರ ಮಾಡಿ ನಾನೂ ನಿಮ್ಮನೆ ಪಾಠಕ್ಕೆ ಕಳಿಸ್ಬೇಕಾಗಿತ್ತು" ಎಂದಳು. ಅಷ್ಟೇ. ಬಯ್ದಿದ್ದರೆ ಬಯ್ಗುಳವನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದೆ. ಈ ಮಾತನ್ನು ಬಿಟ್ಟು ಹೋಗಲು ಆಗಲಿಲ್ಲ.

ಆ ರಾತ್ರಿ ಎರಡೂ ಉತ್ತರಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತೆ. ನಾನು ಬೇಕೆಂದು ಮೋಸ ಮಾಡಿರಲಿಲ್ಲ, ಇದನ್ನು ದೇವರ ಮುಂದೆಯೂ ಹೇಳಬಲ್ಲೆ. ಆದರೂ ಒಂದು ಪ್ರಶ್ನೆಗೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ಉತ್ತರ. ಇಬ್ಬರೂ ಕೊನೆಯ ವಾಕ್ಯವನ್ನು ಅರ್ಧಕ್ಕೆ ಬಿಟ್ಟಿದ್ದಾರೆ. ಒಬ್ಬಳಿಗೆ ನಾಲ್ಕು, ಇನ್ನೊಬ್ಬಳಿಗೆ ಮೂರು! ಇದು ಹೇಗಾಯಿತೆಂದು ನೆನೆದಾಗ ಮೈ ಬೆವರಿತು. ಆ ಜಗಲಿಯ ಹುಡುಗಿ ಅದೇ ವಾಕ್ಯವನ್ನು ಪೂರ್ತಿಯಾಗಿ ಹೇಳಿದ್ದನ್ನು ನಾನು ಸಂಜೆ ಹೊತ್ತು ಎಷ್ಟೋ ಸಲ ಕೇಳಿದ್ದೆ. ಅವಳು ಬರೆಯದೆ ಬಿಟ್ಟದ್ದನ್ನು ನನ್ನ ಕಿವಿಯೇ ತುಂಬಿಕೊಂಡಿತ್ತು. ಹೂ ಮಾರುವವಳ ಮಗಳ ಅರ್ಧ ವಾಕ್ಯ ಅರ್ಧವಾಗಿಯೇ ಕಂಡಿತ್ತು.

ನಾನೇನು ಮಾಡಿದೆ? ಮಾಡಲಿಲ್ಲ. ಬಹುಮಾನ ಘೋಷಣೆಯಾಗಿತ್ತು, ಹೆಸರು ಬೋರ್ಡಿನ ಮೇಲೆ ಬಂದಿತ್ತು. ಹೇಳಿದರೆ ನನ್ನ ಮರ್ಯಾದೆಯ ಪ್ರಶ್ನೆ. ಟ್ಯೂಷನ್ನನ್ನೂ ಕೂಡಲೇ ಬಿಡಲಿಲ್ಲ, ಸಾಲದ ಕಂತು ಇತ್ತು. ಮಾಡಿದ್ದು ಒಂದೇ. ಮುಂದಿನ ಪರೀಕ್ಷೆಯಿಂದ ನನ್ನ ತರಗತಿಯ ಉತ್ತರಪತ್ರಿಕೆಗಳನ್ನು ಇನ್ನೊಬ್ಬ ಮೇಡಮ್ಮಿಗೆ ಕೊಟ್ಟು ಅವರದನ್ನು ನಾನು ತೆಗೆದುಕೊಂಡೆ. ಎರಡು ವರ್ಷದ ಮೇಲೆ ಜಗಲಿಯ ಪಾಠ ನಿಲ್ಲಿಸಿದೆ. ಮುಂದೆ 2009ರ ಶಿಕ್ಷಣ ಹಕ್ಕು ಕಾಯಿದೆ ಬಂದು, ಅದರ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಕೂಡದೆಂದು ವಿಧಿಸಿದಾಗ, ಸ್ಟಾಫ್ ರೂಮಿನಲ್ಲಿ ಬಹಳ ಜನ ಗೊಣಗಿದರು. ನಾನು ಗೊಣಗಲಿಲ್ಲ. ಆ ಕಾಯಿದೆ ಬರೆದವರು ನಮ್ಮನ್ನೆಲ್ಲ ಕಳ್ಳರೆಂದು ತಿಳಿದಿದ್ದಾರೆ ಎಂದು ಒಬ್ಬರು ಸಿಟ್ಟಾದರು. ಕಳ್ಳರಲ್ಲದವರ ಕಿವಿಯೂ ಏನೇನನ್ನು ತುಂಬಿಕೊಳ್ಳುತ್ತದೆಂದು ನನಗೆ ಗೊತ್ತಿತ್ತು.

ಇದನ್ನೆಲ್ಲ ಅಳಿಯನ ಮುಂದೆ ಹೇಳಲಿಲ್ಲ. ಅವರಿಗೆ ಬಂಗಾರದ ಉದಾಹರಣೆ ಕೊಟ್ಟೆ. ನಮ್ಮಲ್ಲಿ "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂದು ಗಾದೆಯಿದೆ. ಪಾಪ, ಗಾದೆ ಕಟ್ಟಿದವರು ಒಂದು ಕಸುಬಿನವರಿಗೆಲ್ಲ ಮಸಿ ಬಳಿದರು. ತಪ್ಪು ಮನುಷ್ಯನದಲ್ಲ, ಅವನು ಕೂತಿದ್ದ ಜಾಗದ್ದು. ಚಿನ್ನ ಒರೆಹಚ್ಚಿ ನೋಡುವವನೂ ಅವನೇ, ತೂಗುವವನೂ ಅವನೇ, ಕೊಳ್ಳುವವನೂ ಅವನೇ. ಒರೆಗಲ್ಲೂ ತಕ್ಕಡಿಯೂ ಒಂದೇ ಕೈಯಲ್ಲಿದ್ದರೆ ಅನುಮಾನ ಬರದೆ ಇರುತ್ತದೆಯೇ? ಕಡುಪ್ರಾಮಾಣಿಕನ ಮೇಲೂ ಬರುತ್ತದೆ, ಅದರಿಂದ ಅವನಿಗೂ ನಷ್ಟವೇ.

2000ದಲ್ಲಿ ಭಾರತೀಯ ಮಾನಕ ಬ್ಯೂರೋ ಚಿನ್ನಕ್ಕೆ ಹಾಲ್‌ಮಾರ್ಕ್ ತಂದದ್ದು ಈ ಅನುಮಾನ ಕಳೆಯಲೆಂದೇ. 2021ರ ಜೂನ್ 16ರಿಂದ ದೇಶದ ಹಲವು ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. ಒಡವೆ ಮಾಡಿದವರು ಅದನ್ನು ಪರೀಕ್ಷಾ ಕೇಂದ್ರಕ್ಕೆ ಒಯ್ಯಬೇಕು. ಅಲ್ಲಿ ಮುದ್ರೆ ಬಿದ್ದು, ಆರು ಅಕ್ಷರ-ಅಂಕಿಗಳ ಗುರುತು ಬಿದ್ದು ಅಂಗಡಿಗೆ ಬರಬೇಕು. ನನಗೆ ಬಹಳ ಹಿಡಿಸಿದ್ದು ಅದರ ಶುಲ್ಕದ ಲೆಕ್ಕ. 2022ರಲ್ಲಿ ಒಂದು ಒಡವೆಗೆ 45 ರೂಪಾಯಿ ಎಂದು ಗೊತ್ತುಮಾಡಿದರು, ತೂಕ ಎಷ್ಟೇ ಇರಲಿ. ಮಗುವಿನ ಕಿವಿಯ ಓಲೆಗೂ ಅಷ್ಟೇ, ಮದುಮಗಳ ಕಾಸಿನ ಸರಕ್ಕೂ ಅಷ್ಟೇ. ಚಿನ್ನ ಇಪ್ಪತ್ತೆರಡು ಕ್ಯಾರೆಟ್ಟೆಂದರೂ ಹದಿನೆಂಟೆಂದರೂ ಹೇಳುವವನಿಗೆ ಸಿಗುವುದು ಅದೇ ನಲವತ್ತೈದು. ಅವನಿಗೆ ಸುಳ್ಳು ಹೇಳಲು ಆ ಶುಲ್ಕದಲ್ಲಿ ಒಂದು ಕಾರಣವೂ ಇಲ್ಲ.

"ಹಾಗಲ್ಲತ್ತೆ" ಎಂದರು ಅಳಿಯ. "ದರ್ಜೆ ತಪ್ಪಾದರೆ ಕಂಪನಿ ನಷ್ಟ ಕಟ್ಟಿಕೊಡುತ್ತೇನೆಂದು ಖಾತರಿ ಕೊಟ್ಟಿರುತ್ತದೆ. ದುಬಾರಿ ಕಾರ್ಡಾದರೆ ಕಟ್ಟಬೇಕಾದದ್ದೂ ದೊಡ್ಡ ಮೊತ್ತ. ಹೆಚ್ಚು ಹೊಣೆಗೆ ಹೆಚ್ಚು ದುಡ್ಡು ಕೇಳೋದು ನ್ಯಾಯವೇ ಅಲ್ಲವಾ?" ವಿಮಾ ಕಂಪನಿಯಲ್ಲಿ ಕೆಲಸ ಮಾಡುವವರ ಮಾತು, ಗಟ್ಟಿಯಾಗಿಯೇ ಇತ್ತು. ಒಂದು ರಾತ್ರಿ ಯೋಚಿಸಿದೆ. ಬೆಳಿಗ್ಗೆ ತಿಂಡಿಗೆ ಕೂತಾಗ ಹೇಳಿದೆ: "ಹೊಣೆಗೆ ದುಡ್ಡು ತಗೊಳ್ಳಲಿ, ಬೇಡ ಅನ್ನೋದಿಲ್ಲ. ಆದರೆ ಕಾರ್ಡು ಕಳಿಸುವಾಗಲೇ ಅದರ ಬೆಲೆ ಇಷ್ಟಿರಬಹುದು ಅಂತ ತೀರ್ಮಾನ ಮಾಡಿ ಆಗಲೇ ತಗೊಳ್ಳಲಿ. ಅಂಕ ಹಾಕಿದ ಮೇಲೆ, ಆ ಅಂಕ ನೋಡಿಕೊಂಡು ಕೇಳಬಾರದು. ಅಂಕ ಹಾಕುವ ಪೆನ್ನಿಗೂ ಗಲ್ಲಾಪೆಟ್ಟಿಗೆಗೂ ದಾರ ಕಟ್ಟಬಾರದು." ಅವರು ನಕ್ಕು, "ಇದನ್ನು ಒಪ್ಪಬಹುದು" ಎಂದರು.

ದೊಡ್ಡವರ ಲೋಕದಲ್ಲೂ ಇದೇ ಪಾಠವನ್ನು ಬಹಳ ದುಬಾರಿ ಶುಲ್ಕ ತೆತ್ತು ಕಲಿತಿದ್ದಾರೆ. ಎನ್ರಾನ್ ಕಂಪನಿ 2001ರಲ್ಲಿ ಮುಳುಗಿತಷ್ಟೆ. ಅದರ ಲೆಕ್ಕ ತಪಾಸಣೆ ಮಾಡುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆಗೆ 2000ದಲ್ಲಿ ತಪಾಸಣೆಗೆಂದು ಸಿಕ್ಕಿದ್ದು 2.5 ಕೋಟಿ ಡಾಲರ್. ಅದೇ ಎನ್ರಾನಿಗೆ ಸಲಹೆ ಮುಂತಾದ ಬೇರೆ ಸೇವೆ ಕೊಟ್ಟದ್ದಕ್ಕೆ ಸಿಕ್ಕಿದ್ದು 2.7 ಕೋಟಿ. ಹೆಚ್ಚುವರಿ ಸೇವೆ ಅಸಲು ಸೇವೆಗಿಂತ ಕೊಬ್ಬಿತ್ತು. ಲೆಕ್ಕದಲ್ಲಿ ತಪ್ಪು ಕಂಡರೂ ಕಣ್ಣು ಕೆಂಪು ಮಾಡುವುದು ಅಂಥವರಿಗೆ ಹೇಗೆ ಸಾಧ್ಯ? 2002ರಲ್ಲಿ ಅಮೆರಿಕ ಕಾಯಿದೆ ಮಾಡಿ, ಲೆಕ್ಕ ತಪಾಸಕರು ಅದೇ ಗಿರಾಕಿಗೆ ಇಂಥ ಅನೇಕ ಸೇವೆಗಳನ್ನು ಕೊಡಬಾರದೆಂದಿತು. ನಮ್ಮ 2013ರ ಕಂಪನಿ ಕಾಯಿದೆಯ 144ನೇ ಸೆಕ್ಷನ್ ಕೂಡ ಹಾಗೇ ಹೇಳುತ್ತದೆ. ಎನ್ರಾನಿನಷ್ಟು ದೊಡ್ಡ ಕಂಪನಿಗೆ ಬೇಕಾದ ನಿಯಮ ಹತ್ತು ವರ್ಷದ ಹುಡುಗನ ಕಾರ್ಡಿಗೆ ಬೇಡವೇ?

ಆದರೆ ಬೇರೆ ಬೇರೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನಲೂ ನನಗೆ ಧೈರ್ಯವಿಲ್ಲ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡಿನ ಕಥೆ ಇದೆ. 1909ರಿಂದ 1911ರವರೆಗೆ ಅಮೆರಿಕದ ತಂಬಾಕು ಕಂಪನಿಯೊಂದು ಸಿಗರೇಟು ಪ್ಯಾಕಿನೊಳಗೆ ಇಟ್ಟು ಕೊಡುತ್ತಿದ್ದ ಚಿತ್ರಗಳಲ್ಲಿ ಅವನದೂ ಒಂದು. ಅವನ ಚಿತ್ರದ ಮುದ್ರಣ ಬೇಗ ನಿಂತುಹೋದದ್ದರಿಂದ ಈಗ ಕೆಲವೇ ಡಜನ್ ಉಳಿದಿವೆ. ಅದರಲ್ಲೊಂದನ್ನು 1991ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ಪಾಲುದಾರ 4,51,000 ಡಾಲರಿಗೆ ಹರಾಜಿನಲ್ಲಿ ಕೊಂಡರು. ಪಿ.ಎಸ್.ಎ. ದರ್ಜೆ ಕೊಟ್ಟ ಮೊಟ್ಟಮೊದಲ ಕಾರ್ಡು ಅದೇ. ಸಿಕ್ಕ ಅಂಕ ಎಂಟು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. 2013ರಲ್ಲಿ ಬಿಲ್ ಮಾಸ್ಟ್ರೊ ಎಂಬ ಹರಾಜುದಾರ ಬೇರೊಂದು ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ಆ ಕಾರ್ಡಿನ ಅಂಚುಗಳನ್ನು ತಾನು ಹಿಂದೆಯೇ ಕತ್ತರಿಸಿ ನೇರ ಮಾಡಿದ್ದೆನೆಂದು ಒಪ್ಪಿಕೊಂಡ. ಅಂಚು ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡಬಾರದೆಂಬುದು ಈ ವ್ಯವಹಾರದ ಮೊದಲ ನಿಯಮ. ಆ ಕಾಲಕ್ಕೆ ಕಣಜವೂ ಇರಲಿಲ್ಲ, ಮಾರಿಕೊಡುವ ಸೇವೆಯೂ ಇರಲಿಲ್ಲ. ಆದರೂ ತಪ್ಪಾಯಿತು. ತಜ್ಞರ ಕಣ್ಣೂ ಮನುಷ್ಯರ ಕಣ್ಣೇ.

ಹಾಗಾಗಿ ನನಗೆ ತೋಚುವುದು ಇಷ್ಟು. ಹೆಚ್ಚುವರಿ ಸೇವೆಗಳಲ್ಲಿ ಎರಡು ಜಾತಿ. ಕೊಟ್ಟ ಅಂಕ ಗಿರಾಕಿಗೆ ಅರ್ಥವಾಗುವ ಹಾಗೆ ಮಾಡುವವು, ಅಂಕವನ್ನು ಪ್ರಶ್ನಿಸಲು ದಾರಿ ಬಿಡುವವು ಒಂದು ಜಾತಿ. ಯಾಕೆ ಎಂಟು ಎಂದು ನಾಲ್ಕು ಸಾಲು ಬರೆದುಕೊಡುವುದು, ದೋಷವಿರುವ ಮೂಲೆಯ ಚಿತ್ರ ತೆಗೆದು ಕಳಿಸುವುದು, ಮೊದಲು ನೋಡಿದವರಲ್ಲದೆ ಬೇರೊಬ್ಬರಿಂದ ಮರುಪರೀಕ್ಷೆ ಮಾಡಿಸುವುದು, ಫೋನು ಮಾಡಿದರೆ ಮನುಷ್ಯರು ಎತ್ತಿಕೊಂಡು ಮಾತನಾಡುವುದು. ಇವನ್ನು ಕೊಡಲೇಬೇಕು. ನನ್ನ ಕೇಳಿದರೆ ಇವು ಹೆಚ್ಚುವರಿಯೇ ಅಲ್ಲ, ಅಂಕ ಕೊಡುವ ಕೆಲಸದ ಉಳಿದರ್ಧ. ಬೆಕೆಟ್ ಕಂಪನಿಯವರು ಚೀಟಿಯ ಮೇಲೆ ಮೂಲೆಗೆಷ್ಟು, ಅಂಚಿಗೆಷ್ಟು, ಮೇಲ್ಮೈಗೆಷ್ಟು, ಚಿತ್ರ ನಡುವೆ ಕೂತಿರುವುದಕ್ಕೆಷ್ಟು ಎಂದು ಬಿಡಿಬಿಡಿ ಅಂಕ ಹಾಕುವ ಪದ್ಧತಿ ತಂದಿದ್ದಾರೆ. ಅದು ಒಳ್ಳೆಯ ಪದ್ಧತಿ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಮಕ್ಕಳು ಶುಲ್ಕ ಕಟ್ಟಿ ಉತ್ತರಪತ್ರಿಕೆಯ ನಕಲು ತರಿಸಿಕೊಳ್ಳಬಹುದು, ಮರುಮೌಲ್ಯಮಾಪನ ಕೇಳಬಹುದು. ನಮ್ಮ ಕೆಂಪು ಶಾಯಿಯನ್ನು ಊರವರೆಲ್ಲ ನೋಡುತ್ತಾರೆಂದು ಗೊತ್ತಿದ್ದಾಗ ನಮ್ಮ ಕೈ ಎಷ್ಟು ಹುಷಾರಾಗಿರುತ್ತದೆಂದು ಮೌಲ್ಯಮಾಪನಕ್ಕೆ ಕೂತವರಿಗೆ ಗೊತ್ತು.

ಇನ್ನೊಂದು ಜಾತಿ, ಅಂಕ ಏರಿದರೆ ಅಂಕ ಕೊಟ್ಟವರ ಜೇಬಿಗೂ ಏನಾದರೂ ಬೀಳುವಂಥವು. ಮಾರಿಕೊಟ್ಟು ಕಮಿಷನ್ ತೆಗೆದುಕೊಳ್ಳುವುದು, ತಾವೇ ಕೊಳ್ಳುವುದು, ಅಂಕ ನೋಡಿ ಶುಲ್ಕ ಏರಿಸುವುದು. ಇವು ಎಷ್ಟೇ ಅನುಕೂಲವಾದರೂ ಆ ಮನೆಯಲ್ಲಿ ಬೇಡ. ಆ ದೂರದ ಊರಿನ ವಿಧವೆಗೆ ಮಾರಿಕೊಡುವವರು ಬೇಕು, ನಿಜ. ಅವರು ಬೇರೆಯವರಾಗಿರಲಿ. ಎರಡು ಬಾಗಿಲು ತಟ್ಟುವ ಕಷ್ಟ ಅವಳಿಗಾಗುತ್ತದೆ. ಆದರೆ ಎರಡನೆಯ ಬಾಗಿಲಿನವನು ಮೊದಲನೆಯವನ ಮಾತನ್ನು ಒಂದು ಸಲ ತಿರುವಿ ನೋಡುತ್ತಾನಲ್ಲ, ಅದೇ ಅವಳಿಗಿರುವ ಕಾವಲು. ಒಂದೇ ಕಡೆ ಎಲ್ಲ ಮುಗಿದರೆ ಆ ಕಾವಲೂ ಮುಗಿಯಿತು.

ಬೇಗ ಮಾಡಿಕೊಡುವ ಸೇವೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಎರಡಾಗಿದೆ. ಅವಸರವಿದ್ದವರು ಹೆಚ್ಚು ಕೊಟ್ಟರೆ ಅಂಕವೇನೂ ಬದಲಾಗುವುದಿಲ್ಲ. ಆದರೆ 2021ರ ಮಾರ್ಚಿನಲ್ಲಿ, ಹಿಂದಿನ ಮೂರು ತಿಂಗಳಲ್ಲಿ ಬಂದದ್ದಕ್ಕಿಂತ ಹೆಚ್ಚು ಕಾರ್ಡು ಮೂರೇ ದಿನದಲ್ಲಿ ಬಂದು ಬಿದ್ದವೆಂದು ಹೇಳಿ ಪಿ.ಎಸ್.ಎ. ತನ್ನ ಅಗ್ಗದ ಸೇವೆಗಳನ್ನೆಲ್ಲ ಸ್ವಲ್ಪ ಕಾಲ ನಿಲ್ಲಿಸಿತು. ಅಂಥ ಹೊತ್ತಿನಲ್ಲಿ ಕಾಯಬೇಕಾದವರು ಯಾರು? ಸಣ್ಣವರೇ. ದುಡ್ಡಿದ್ದವರ ಸಾಲು ಚಿಕ್ಕದಾದಷ್ಟೂ ದುಡ್ಡಿಲ್ಲದವರ ಸಾಲು ಉದ್ದವಾಗುತ್ತದೆ. ತತ್ಕಾಲ್ ಇರಲಿ, ಆದರೆ ಸಾಮಾನ್ಯ ಬೋಗಿ ಬಿಚ್ಚಿ ಅದಕ್ಕೆ ಜೋಡಿಸಬಾರದು ಎಂದಷ್ಟೇ ಹೇಳಬಲ್ಲೆ.

ಇಷ್ಟೆಲ್ಲ ದೊಡ್ಡವರ ಚರ್ಚೆಯ ನಡುವೆ ಹುಡುಗನ ಪ್ರಶ್ನೆ ಹಾಗೇ ಉಳಿದಿತ್ತು. ಒಂದು ಭಾನುವಾರ ಮಧ್ಯಾಹ್ನ ಅವನನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡೆ. ಸೂಜಿಗೆ ದಾರ ಪೋಣಿಸಲು ನಾನು ಒಯ್ದಿದ್ದ ಭೂತಗನ್ನಡಿಯಿತ್ತು. ಪೆಟ್ಟಿಗೆಯ ಮೇಲೆ ಗಾಜು ಹಿಡಿದು, ಉತ್ತರಪತ್ರಿಕೆ ತಿದ್ದುವವಳ ಹಾಗೆ ಒಂದೊಂದೇ ಮೂಲೆ ನೋಡುತ್ತಾ ಬಂದೆವು. ಮುಂಭಾಗ ಚೊಕ್ಕಟ. ಹಿಂದೆ ತಿರುಗಿಸಿದಾಗ ಕೆಳಗಿನ ಎಡ ಮೂಲೆಯಲ್ಲಿ ನೀಲಿ ಬಣ್ಣ ಉದುರಿ ಅಕ್ಕಿನುಚ್ಚಿನಷ್ಟು ಬಿಳಿ ಕಾಣಿಸಿತು. ಮೇಲಿನ ಅಂಚಿನಲ್ಲಿ ಇನ್ನೊಂದು, ಕೂದಲೆಳೆಯಷ್ಟು. "ಇಲ್ನೋಡು" ಎಂದೆ. ಅವನು ಬಹಳ ಹೊತ್ತು ಗಾಜಿನೊಳಗೆ ನೋಡಿದ. ಆಮೇಲೆ ಮುಖ ಎತ್ತಿ, "ಹಾಗಾದ್ರೆ ಎಂಟು ಸರಿಯಾಗೇ ಇದೆ ಅಜ್ಜಿ" ಎಂದ. ಅವನ ಮುಖದಲ್ಲಿ ಅಳು ಇರಲಿಲ್ಲ. ಕಾರ್ಡನ್ನು ಮಾರುವುದೂ ಬೇಡ, ಅವರ ಕಣಜವೂ ಬೇಡವೆಂದು ತನ್ನ ಓದುವ ಮೇಜಿನ ಮೇಲೆ ನಿಲ್ಲಿಸಿಕೊಂಡ.

ಅವನಿಗೆ ಬೇಕಾಗಿದ್ದದ್ದು ಹತ್ತಲ್ಲ, ಕಾರಣ. ಮಕ್ಕಳು ಕಡಿಮೆ ಅಂಕವನ್ನು ಎಷ್ಟು ಗೌರವದಿಂದ ಒಪ್ಪಿಕೊಳ್ಳುತ್ತವೆ ಎಂಬುದನ್ನು ಇಷ್ಟು ವರ್ಷ ಮೇಜಿನ ಈಚೆ ಕೂತು ನಾನು ಸರಿಯಾಗಿ ನೋಡಿರಲಿಲ್ಲ. ತನ್ನ ಉತ್ತರವನ್ನೂ ಪಕ್ಕದವನ ಉತ್ತರವನ್ನೂ ಒಂದೇ ಗಾಜಿನಲ್ಲಿ ನೋಡಿದ್ದಾರೆಂದು ಅವಕ್ಕೆ ಗೊತ್ತಾದರೆ ಸಾಕು.

ಊರಿಗೆ ಬಂದ ಮೇಲೆ ಒಂದು ಸಂಜೆ ಬಸ್‌ಸ್ಟ್ಯಾಂಡಿನ ಎದುರು ಇಳಿದಾಗ ಅಭ್ಯಾಸಬಲದಿಂದ ಆ ಜಾಗದ ಕಡೆ ನೋಡಿದೆ. ಈಗ ಅಲ್ಲಿ ಮೊಬೈಲ್ ರೀಚಾರ್ಜಿನ ಅಂಗಡಿ. ಆ ತಾಯಿ ಎಲ್ಲಿದ್ದಾಳೋ, ಆ ಹುಡುಗಿ ಏನಾದಳೋ ಗೊತ್ತಿಲ್ಲ. ಅವಳ ಅರ್ಧ ವಾಕ್ಯವನ್ನು ಪಕ್ಕಕ್ಕಿಟ್ಟು, "ನೋಡಮ್ಮ, ಇದೂ ಅಷ್ಟೇ, ಅದೂ ಅಷ್ಟೇ, ತಪ್ಪು ನನ್ನದು" ಎಂದು ಅಂದೇ ಹೇಳಿಬಿಡಬಹುದಿತ್ತು. ಅದೊಂದು ಸೇವೆಯನ್ನು ಆ ತಾಯಿಗೆ ನಾನು ಕೊಡಲೇ ಇಲ್ಲ.